ಕನ್ನಡಕಕ್ಕೂ ದಿಗ್ಬಂಧನ

ನಾರ್ಬರ್ಟ್ ಪೆಟ್ರಿಯ ಮಾನ ಹೋದದ್ದು ಒಂದು ಬಟ್ಟಲು ಬೀನ್ಸ್ ಸೂಪಿನ ದೆಸೆಯಿಂದ. ಸೂಪಿನದೇನೂ ತಪ್ಪಿರಲಿಲ್ಲ. ವಾಷಿಂಗ್ಟನ್ನಿನ ಸಂಸತ್ ಭವನದ ಕ್ಯಾಂಟೀನಿನಲ್ಲಿ ಅದು ಅಜ್ಜನ ಕಾಲದಿಂದ ದಿನವೂ ಬೇಯುತ್ತಿದೆ. ಯಾವ ಪಕ್ಷ ಗೆದ್ದರೂ ಅದರ ರುಚಿ ಬದಲಾಗಿಲ್ಲ. ಆದರೆ ತಡವಾಗಿ ಹೋದವರಿಗೆ ತಳದ ಗಸಿ ಮಾತ್ರ ಸಿಗುತ್ತದೆ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಪೆಟ್ರಿ ಕೋಟಿನ ಒಂದು ತೋಳಿಗೆ ಕೈ ತೂರಿಸಿ ಇನ್ನೊಂದಕ್ಕಾಗಿ ತಡಕಾಡುತ್ತಿದ್ದಾಗ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು.

"ಪೆಟ್ರಿ, ನಾನು ಕೊವಾಚ್, ಇಲಾಖೆಯಿಂದ. ನಿಮ್ಮ ಮಿನಸೋಟದ ಕಡೆಯ ಅಜ್ಜಿಯೊಬ್ಬರು ಹಳೇ ಕನ್ನಡಕ ಒಟ್ಟುಮಾಡಿದಾರೆ. ಒಂದು ಕಂಟೇನರ್ ತುಂಬ ಇದೆ. ಆ ದೇಶದ ಬಡವರಿಗೆ ದಾನ ಕಳಿಸ್ತಾರಂತೆ. ನಿಮ್ಮ ಉಪಸಮಿತಿ ಅಧ್ಯಕ್ಷರದು ಏನಾದ್ರೂ ಅಡ್ಡಿ ಇದೆಯಾ?"

"ಕೇಳಿ ಹೇಳ್ತೀನಿ," ಎಂದು ಪೆಟ್ರಿ ಫೋನಿಟ್ಟು ಓಡಿದ. ಸೂಪು ಸಿಕ್ಕಿತು. ಕನ್ನಡಕ ಮರೆತುಹೋಯಿತು.

ಈ 'ಅಡ್ಡಿ ಇದೆಯಾ' ಎಂಬ ಮಾತಿನ ಮಹಿಮೆ ತಿಳಿಯದಿದ್ದರೆ ಪೆಟ್ರಿಯ ಪಾಡು ಅರ್ಥವಾಗುವುದಿಲ್ಲ. ಆ ದೇಶದ ಸರ್ಕಾರದ ಮೇಲೆ ಆರ್ಥಿಕ ದಿಗ್ಬಂಧನ ಹೇರಿ ವರ್ಷಗಳೇ ಆಗಿದ್ದವು. ಆ ದೇಶದ ಹೆಸರನ್ನು ಸಂಸತ್ತಿನ ಉಪಸಮಿತಿಯ ಅಧ್ಯಕ್ಷ ಲೈಲ್ ಗುಂಡರ್ಸನ್ ಅವರು ಪ್ರತಿ ಸಲವೂ ಒಂದೊಂದು ರೀತಿ ಉಚ್ಚರಿಸುತ್ತಿದ್ದುದರಿಂದ ಕಚೇರಿಯವರೆಲ್ಲ ಜಾಣತನದಿಂದ 'ಆ ದೇಶ' ಎಂದೇ ಅನ್ನುತ್ತಿದ್ದರು. ದಿಗ್ಬಂಧನವನ್ನು ನಡೆಸುವುದು ಇಲಾಖೆ. ಇಲಾಖೆ ಸರಿಯಾಗಿ ನಡೆಸುತ್ತಿದೆಯೇ ಎಂದು ಕಣ್ಣಿಡುವುದು ಗುಂಡರ್ಸನ್ನರ ಉಪಸಮಿತಿ. ಔಷಧಿಯೋ ದಾನದ ಸಾಮಾನೋ ಆ ಕಡೆಗೆ ಹೋಗಬೇಕಾದಾಗ ಇಲಾಖೆಯವರು ಅಧ್ಯಕ್ಷರ ಕಡೆಯವನಿಗೊಂದು ಫೋನು ಮಾಡುತ್ತಾರೆ. ಅವನು 'ಅಡ್ಡಿ ಇಲ್ಲ' ಎನ್ನುವ ತನಕ ಕಾಯುತ್ತಾರೆ. ಇದು ಯಾವ ಕಾನೂನಿನಲ್ಲೂ ಬರೆದದ್ದಲ್ಲ. ಬರೆದಿಲ್ಲವಾದ್ದರಿಂದಲೇ ಅದನ್ನು ಮೀರುವ ಧೈರ್ಯ ಯಾರಿಗೂ ಇರಲಿಲ್ಲ. ಆ ಅಧ್ಯಕ್ಷರ ಕಡೆಯವನೇ ನಮ್ಮ ಪೆಟ್ರಿ.

ಕನ್ನಡಕದ ಅಜ್ಜಿಯ ಹೆಸರು ಓರ್ಫಾ ಸ್ಟೆನ್. ಕೆಲವು ವಾರ ಕಳೆದ ಮೇಲೆ ಅವಳೇ ಫೋನು ಮಾಡಿ, "ನನ್ನ ಕನ್ನಡಕ ಏನಾಯ್ತಪ್ಪ?" ಎಂದಾಗಲೇ ಪೆಟ್ರಿಗೆ ಮರೆತದ್ದು ನೆನಪಾಯಿತು. ಆಗಲೇ ಎದ್ದುಹೋಗಿ ಅಧ್ಯಕ್ಷರನ್ನು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದರೆ ಏನು ಹೇಳುವುದು? ಒಳ್ಳೆಯ ನೆಪವೊಂದು ಹೊಳೆಯಲಿ, ನಾಳೆ ಕೇಳಿದರಾಯಿತು ಎಂದುಕೊಂಡ. ನಾಳೆಗೆ ನೆಪ ಇನ್ನೂ ದೊಡ್ಡದಿರಬೇಕಾಯಿತು. ತಡವಾದ ಕೆಲಸಕ್ಕೆ ನಾಚಿಕೆ ಸೇರಿಕೊಂಡರೆ ಅದು ಇನ್ನಷ್ಟು ತಡವಾಗುತ್ತದೆ. ಅಜ್ಜಿ ವಾರವಾರವೂ ಫೋನು ಮಾಡಿದಳು. ಪೆಟ್ರಿ ವಾರವಾರವೂ ಬೆಣ್ಣೆಯಂಥ ದನಿಯಲ್ಲಿ "ಕೇಳಿ ಹೇಳ್ತೀನಮ್ಮ" ಎಂದ.

ಬೇಸತ್ತ ಅಜ್ಜಿ ತನ್ನೂರಿನ ವಾರಪತ್ರಿಕೆಯವನ ಹತ್ತಿರ ಗೋಳು ಹೇಳಿಕೊಂಡಳು. ಅವನು ಗುಂಡರ್ಸನ್ನರ ಪ್ರಚಾರ ನೋಡಿಕೊಳ್ಳುವ ಚೆಟ್‌ಗೆ ಫೋನು ಮಾಡಿ, "ಕನ್ನಡಕಕ್ಕೆ ಅಡ್ಡಿ ಹಾಕಿರೋದು ನಿಮ್ಮ ಅಧ್ಯಕ್ಷರೇನಾ?" ಎಂದು ಕೇಳಿದ. ಚೆಟ್‌ಗೆ ಕನ್ನಡಕವೂ ಗೊತ್ತಿಲ್ಲ, ಅಜ್ಜಿಯೂ ಗೊತ್ತಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಅಭ್ಯಾಸ ಅವನಿಗಿರಲಿಲ್ಲ. "ಅಧ್ಯಕ್ಷರು ಅಷ್ಟು ಸುಲಭಕ್ಕೆ ಜಗ್ಗೋರಲ್ಲ," ಎಂದುಬಿಟ್ಟ. ಮರುವಾರ 'ಕಬ್ಬಿಣದ ಗುಂಡರ್ಸನ್: ಕನ್ನಡಕಕ್ಕೂ ದಿಗ್ಬಂಧನ' ಎಂದು ದಪ್ಪ ಅಕ್ಷರದಲ್ಲಿ ಬಂತು. ದೊಡ್ಡ ಪತ್ರಿಕೆಗಳೂ ಎತ್ತಿಕೊಂಡವು. ತಾನು ಮರೆತದ್ದು ದೇಶದ ನೀತಿಯಾಗಿದೆ ಎಂದು ಪೆಟ್ರಿಗೆ ತಿಳಿದದ್ದು ಪತ್ರಿಕೆ ಓದಿಯೇ.

ಈಗ ಸೆಪ್ಟೆಂಬರ್. ದಿಗ್ಬಂಧನ ಎಷ್ಟರಮಟ್ಟಿಗೆ ಕಚ್ಚಿದೆ ಎಂದು ನೋಡಲು ಆ ದಿನ ಮಧ್ಯಾಹ್ನ ಉಪಸಮಿತಿಯ ವಿಚಾರಣೆ ಇತ್ತು. ಸಾಕ್ಷಿ ಹೇಳುವವರು ಇಲಾಖೆಯ ಕೊವಾಚ್. ರಾತ್ರಿಯೆಲ್ಲ ಹೊರಳಾಡಿದ್ದ ಪೆಟ್ರಿ ಇವತ್ತು ಬಾಯಿಬಿಟ್ಟು ಹೇಳಿಯೇ ಬಿಡುವುದೆಂದು ಗಟ್ಟಿ ಮನಸ್ಸು ಮಾಡಿಕೊಂಡು ಬೆಳಿಗ್ಗೆಯೇ ಕಚೇರಿಯ ಮುಖ್ಯಸ್ಥೆ ವರ್ನಾ ಡಾಯಲ್ ಎದುರು ನಿಂತ.

"ವರ್ನಾ, ಆ ಕನ್ನಡಕದ ಅಡ್ಡಿ ಇದೆಯಲ್ಲ, ಅದನ್ನ ಅಧ್ಯಕ್ಷರು ಹಾಕಿದ್ದಲ್ಲ. ನಾನು ಮರೆತಿದ್ದು."

ವರ್ನಾ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದಳು. "ಏನಂದೆ?"

"ಸೂಪು ಕುಡಿಯೋಕೆ ಹೋಗೋ ಅವಸರದಲ್ಲಿ ಮರೆತೆ."

"ನೋಡು ಪೆಟ್ರಿ, ನಾನು ಇಲ್ಲಿ ತಲೆ ನರೆಸಿಕೊಂಡೋಳು. ಈ ಕಟ್ಟಡದಲ್ಲಿ ಯಾರೂ ಏನನ್ನೂ ಮರೆಯಲ್ಲ. ಕೆಲಸ ಆಯ್ತು ಅಂದ್ರೆ ಸಾಧನೆ, ಆಗಲಿಲ್ಲ ಅಂದ್ರೆ ನಿಲುವು. ಮರೆವು ಅನ್ನೋದು ಮನೆಗೆ ಹೋದ ಮೇಲೆ."

"ಆದ್ರೆ ಆ ಅಜ್ಜಿ..."

"ಅಜ್ಜಿಗೆ ಒಂದು ಓಟು. ಈ ಅಡ್ಡಿ ನೋಡಿ ಮೆಚ್ಚಿರೋರು ಎಷ್ಟು ಜನ ಗೊತ್ತಾ? ಅಧ್ಯಕ್ಷರು ಮುಂದಿನ ಸಲ ಸೆನೆಟ್‌ಗೇ ನಿಲ್ತಾರಂತೆ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೋನು ಇವತ್ತೊಂದಿನ ಮುಚ್ಚಿಕೊಂಡಿರು."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಚೆಟ್ ಬಂದ. ಅವನ ಕಂಕುಳಲ್ಲಿ ಬಾಗಿಲಿನಷ್ಟೇ ಅಗಲದ ಹಲಗೆಯೊಂದಿತ್ತು, ಕಂದು ಕಾಗದ ಸುತ್ತಿದ್ದು. ವಿಚಾರಣೆಯಲ್ಲಿ ದೊಡ್ಡ ಚಿತ್ರವೊಂದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾತಾಡದಿದ್ದರೆ ಟೀವಿಯವರು ತಿರುಗಿಯೂ ನೋಡುವುದಿಲ್ಲ ಎಂಬುದು ಅಲ್ಲಿನ ಸದಸ್ಯರ ಪಾಲಿಗೆ ವೇದವಾಕ್ಯ. ಗುಂಡರ್ಸನ್ನರಂತೂ ಚಿತ್ರವಿಲ್ಲದೆ ಬಾಯಿ ತೆರೆಯುತ್ತಿರಲಿಲ್ಲ.

"ಆ ದೇಶದ ದಳಪತಿ ಮೆರವಣಿಗೆ ನೋಡ್ತಾ ನಿಂತಿರೋ ಫೋಟೋ. ಹೋದ ವಾರದ್ದು," ಎಂದ ಚೆಟ್. "ದಿಗ್ಬಂಧನ ಕಚ್ಚಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನೆಲಮಾಳಿಗೆಯ ಪ್ರಿಂಟಿಂಗ್‌ನೋರಿಗೆ ಹೇಳಿ ಹಿಗ್ಗಿಸಿದೀನಿ. ಪೆಟ್ರಿ, ನೀನೇ ಹೊತ್ಕೊಂಡು ಬಾ. ಕಾಗದ ಬಿಚ್ಚಬೇಡ. ಅಧ್ಯಕ್ಷರು ಎಲ್ಲರೆದುರು ತಾವೇ ಬಿಚ್ಚಬೇಕಂತೆ."

ಹಲಗೆಯನ್ನು ತಬ್ಬಿಕೊಂಡು ಪೆಟ್ರಿ ತನ್ನ ಮೇಜಿಗೆ ಮರಳಿದಾಗ ಅಲ್ಲಿ ನೀಲಿ ಸ್ವೆಟರಿನ ಪುಟ್ಟ ಮುದುಕಿಯೊಬ್ಬಳು ಮಡಿಲಲ್ಲಿ ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡು ಕೂತಿದ್ದಳು.

"ನಾರ್ಬರ್ಟ್ ನೀನೇನಾ? ದನಿ ಕೇಳಿ ಇನ್ನೂ ದಪ್ಪಗಿದೀಯ ಅಂದ್ಕೊಂಡಿದ್ದೆ," ಎಂದಳು. "ನಾನು ಓರ್ಫಾ."

ಪೆಟ್ರಿ ಹಲಗೆಯ ಹಿಂದೆ ಅಡಗಿಕೊಳ್ಳಬಹುದೇ ಎಂದು ಒಂದು ಕ್ಷಣ ಯೋಚಿಸಿದ. ಹಲಗೆಗೆ ತಾನಾಗಿ ನಿಲ್ಲಲು ಕಾಲಿರಲಿಲ್ಲ.

"ಅಮ್ಮಾ, ನೀವು... ಇಷ್ಟು ದೂರ..."

"ಬಸ್ಸಲ್ಲಿ ಬಂದೆ. ಸೊಂಟ ಹೋಯ್ತು. ಕಂಟೇನರ್ ಇಟ್ಟಿದ್ದ ಬಾಲ್ಟಿಮೋರ್ ಬಂದರಿನ ಗೋದಾಮಿಗೆ ಫೋನ್ ಮಾಡಿದ್ರೆ ವಾಷಿಂಗ್ಟನ್‌ನ ಕೇಳಿ ಅಂತಾರೆ. ವಾಷಿಂಗ್ಟನ್‌ನಲ್ಲಿ ನೀನೊಬ್ಬನೇ ಅಲ್ವಾ ಫೋನ್ ಎತ್ತೋನು? ಅದಕ್ಕೇ ಬಂದೆ. ತಗೋ, ನಿಂಬೆ ಬಾರ್ ಮಾಡಿದೀನಿ." ಡಬ್ಬಿಯ ಮುಚ್ಚಳ ತೆಗೆದಳು. ಹುಳಿಸಿಹಿ ತಿಂಡಿಯ ಚೌಕ ತುಂಡುಗಳ ಮೇಲಿನ ಸಕ್ಕರೆಪುಡಿ ದಾರಿಯ ಕುಲುಕಾಟಕ್ಕೆ ಅಂಚಿಗೆ ಸರಿದಿತ್ತು.

ಪೆಟ್ರಿ ಒಂದನ್ನು ತೆಗೆದುಕೊಂಡು ಅರ್ಧ ಕಚ್ಚಿದ.

"ನಿನಗೆ ಕೃತಜ್ಞತೆ ಹೇಳಬೇಕು ಅಂತಿದ್ದೆ ಮಗಾ," ಎಂದಳು ಅಜ್ಜಿ. "ಊರಲ್ಲಿ ಎಲ್ಲರಿಗೂ ಹೇಳಿದೀನಿ, ಆ ಕಬ್ಬಿಣದ ಮನುಷ್ಯನ ಬಾಯಿಗೆ ಹೆದರದೆ ವಾರವಾರ ನನ್ನ ಪರವಾಗಿ ಹೋಗಿ ಕೇಳ್ತಿರೋನು ಇವನೊಬ್ಬನೇ ಅಂತ. ಚರ್ಚ್‌ನಲ್ಲಿ ನಿನ್ನ ಹೆಸರು ಹೇಳಿ ಪ್ರಾರ್ಥನೆ ಮಾಡಿಸಿದೀನಿ."

ಪೆಟ್ರಿಯ ಕಿವಿ ಕೆಂಪಾಯಿತು. ಅವಳು ಬೈದಿದ್ದರೆ ಕ್ಷಮೆ ಕೇಳಿ ಹಗುರಾಗುತ್ತಿದ್ದ. ಹೊಗಳುವವರ ಎದುರು ತಪ್ಪೊಪ್ಪಿಕೊಳ್ಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

"ಅದರಲ್ಲಿ ನಮ್ಮ ಐನಾರ್‌ದೂ ಇದೆ ಗೊತ್ತಾ?" ಅಜ್ಜಿಯ ದನಿ ಸ್ವಲ್ಪ ತಗ್ಗಿತು. "ನಮ್ಮನೆಯವನು. ಹೋಗಿ ವರ್ಷವಾಯ್ತು. ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಹೊಸದು ತಗೋಳೋ ಅಂದ್ರೆ ಕೇಳ್ತಿರಲಿಲ್ಲ. ಗಾಳದ ಹಸಿರು ದಾರ ಸುತ್ತಿ ಸುತ್ತಿ, ಕೊನೆಗೆ ಒಂದು ಹಿತ್ತಾಳೆ ಗುಂಡಿ ಪೋಣಿಸಿ ಗಂಟು ಹಾಕಿದ್ದ. ಕೊಡೋಕೆ ಮನಸ್ಸಿರಲಿಲ್ಲ. ಆಮೇಲೆ ಅಂದ್ಕೊಂಡೆ, ಪೆಟ್ಟಿಗೇಲಿ ಇದ್ದು ಯಾರಿಗೇನು? ಅಲ್ಲೊಬ್ಬ ಮುದುಕ ಅದನ್ನ ಹಾಕ್ಕೊಂಡು ಮೊಮ್ಮಗಳ ಮುಖ ನೋಡಿದ್ರೆ ಐನಾರ್‌ಗೂ ಸಮಾಧಾನ. ಅದು ಅಲ್ಲಿಗೆ ಹೋಯ್ತು ಅಂತ ಗೊತ್ತಾದ್ರೆ ಸಾಕು ನಂಗೆ."

ಪೆಟ್ರಿ ಕಚ್ಚಿದ ತುಂಡನ್ನು ಮೇಜಿನ ಮೇಲಿಟ್ಟ. "ಅಮ್ಮ, ಒಂದು ನಿಮಿಷ ಬಂದೆ," ಎಂದು ಪಕ್ಕದ ಖಾಲಿ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡ. ಅಧ್ಯಕ್ಷರು ಸೆನೆಟ್‌ಗೆ ಹೋಗಲಿ, ಸ್ವರ್ಗಕ್ಕೇ ಹೋಗಲಿ, ಈಗ ಇಲಾಖೆಗೆ ಆ ಎರಡು ಮಾತು ಹೇಳಿ ಕನ್ನಡಕ ಬಿಡಿಸುವುದೇ ಸರಿ ಎಂದು ಕೊವಾಚ್‌ಗೆ ಫೋನು ಹಚ್ಚಿದ.

"ಕೊವಾಚ್, ಆ ಕನ್ನಡಕದ ವಿಷಯ. ಅಡ್ಡಿ ಇಲ್ಲ."

ಆ ಕಡೆ ಕಾಗದ ತಿರುವುವ ಸದ್ದು ಕೇಳಿಸಿತು.

"ಅಡ್ಡಿ ಇಲ್ಲ ಅಂತ ಇವತ್ತು ಹೇಳ್ತಿದೀರಾ?" ಎಂದ ಕೊವಾಚ್, ಹೆಜ್ಜೆ ನೋಡಿಕೊಂಡು ಇಡುವವನ ಹಾಗೆ.

"ತಡ ಆಯ್ತು. ತಪ್ಪು ನಂದೇ. ನಾನು..."

"ಬೇಡ ಬೇಡ, ತಪ್ಪು ಅಂತೆಲ್ಲ ಯಾಕೆ? ಒಂದು ಕೆಲಸ ಮಾಡೋಣ. ನೀವು ಮಾರ್ಚಲ್ಲೇ ಅಡ್ಡಿ ಇಲ್ಲ ಅಂದಿದ್ರಿ, ನಾನೇ ಬರ್ಕೊಳ್ಳೋದು ಬಿಟ್ಟೆ ಅಂತ ಇಟ್ಕೊಳ್ಳೋಣ. ನಿಮಗೂ ಮುಜುಗರ ಬೇಡ, ನಮಗೂ ಬೇಡ. ಏನಂತೀರಿ?"

ಪೆಟ್ರಿಗೆ ದೇವರೇ ಕೊವಾಚನ ಬಾಯಲ್ಲಿ ಕೂತು ಮಾತಾಡಿದಂತಾಯಿತು. ಮರೆತದ್ದು ಯಾರಿಗೂ ತಿಳಿಯದು, ಕನ್ನಡಕವೂ ಹೊರಡುತ್ತದೆ. ಇಲಾಖೆಯವನಿಗೆ ಇಷ್ಟು ಕರುಣೆ ಎಲ್ಲಿಂದ ಬಂತೆಂದು ಯೋಚಿಸಬೇಕಾಗಿತ್ತು. ಆದರೆ ನಾಚಿಕೆಪಟ್ಟವನಿಗೆ ಮುಚ್ಚಿಕೊಳ್ಳಲು ಬಟ್ಟೆ ಸಿಕ್ಕರೆ ಅದು ಯಾರದೆಂದು ಕೇಳುವ ವ್ಯವಧಾನ ಇರುವುದಿಲ್ಲ.

"ಹಾಗೇ ಇಟ್ಕೊಳ್ಳಿ," ಎಂದ.

"ಖಂಡಿತ ತಾನೇ? ಮಾರ್ಚಲ್ಲೇ ಹೇಳಿದ್ರಿ."

"ಮಾರ್ಚಲ್ಲೇ ಹೇಳಿದ್ದೆ."

ಹೊರಗೆ ಬಂದು, "ನಿಮ್ಮ ಕನ್ನಡಕ ಹೊರಡತ್ತಮ್ಮ," ಎಂದಾಗ ಅಜ್ಜಿ ಅವನ ಕೈಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಡಬ್ಬಿಯನ್ನು ಅವನ ಮೇಜಿನ ಮೇಲೇ ಬಿಟ್ಟು, ವಿಚಾರಣೆ ನೋಡಿಕೊಂಡೇ ಬಸ್ಸು ಹತ್ತುತ್ತೇನೆ ಎಂದಳು.

ಹಲಗೆ ಹೊತ್ತು ಹೊರಟರೆ ಅದು ಸಿಬ್ಬಂದಿಯ ಲಿಫ್ಟಿಗೆ ತೂರಲಿಲ್ಲ. ಸದಸ್ಯರಿಗೆ ಮಾತ್ರ ಎಂಬ ಫಲಕವಿದ್ದ ದೊಡ್ಡ ಲಿಫ್ಟಿನೊಳಗೆ ಅಡ್ಡಡ್ಡ ನುಗ್ಗಿಸಿದ. ಬಾಗಿಲು ಮುಚ್ಚಿದ ಮೇಲೆ ಹಲಗೆಯ ಆಚೆ ಬದಿಯಿಂದ ಯಾರೋ ಕೆಮ್ಮಿದರು. ಅಧ್ಯಕ್ಷ ಗುಂಡರ್ಸನ್ನರು ಗೋಡೆಗೆ ಒತ್ತಿಕೊಂಡು ನಿಂತಿದ್ದರು.

ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು ಎನಿಸಿತು ಪೆಟ್ರಿಗೆ. ನಡುವೆ ಹಲಗೆ ಇದೆ, ಮುಖ ನೋಡಬೇಕಾಗಿಲ್ಲ. "ಸರ್, ಆ ಕನ್ನಡಕದ ಅಡ್ಡಿ ವಿಷಯ ಒಂದು ಮಾತು ಹೇಳಬೇಕಿತ್ತು. ನಿಮ್ಮನ್ನ ಆಗ ಯಾರೂ ಕೇಳಿರಲೇ ಇಲ್ಲ."

"ಹೌದು ಪೆಟ್ರಿ, ಯಾರನ್ನೂ ಕೇಳಲಿಲ್ಲ ನಾನು," ಎಂದಿತು ಹಲಗೆಯಾಚೆಯ ಗಂಭೀರ ದನಿ. "ಒಬ್ಬನೇ ಕೂತು ತೀರ್ಮಾನ ಮಾಡಿದೆ. ನನ್ನ ಜೀವನದ ಅತ್ಯಂತ ಕಷ್ಟದ ತೀರ್ಮಾನ. ಮೂರು ರಾತ್ರಿ ನಿದ್ದೆ ಇರಲಿಲ್ಲ. ನನ್ನ ಹೆಂಡತಿಯನ್ನ ಬೇಕಾದ್ರೆ ಕೇಳು."

ಲಿಫ್ಟು ನಿಂತಿತು. ಮಾಡದ ತೀರ್ಮಾನಕ್ಕೆ ನಿದ್ದೆಗೆಟ್ಟವರ ಮುಂದೆ ಮಾಡಿದ ತಪ್ಪಿಗೆ ನಿದ್ದೆಗೆಟ್ಟವನು ಏನು ಹೇಳಬಲ್ಲ? ಪೆಟ್ರಿ ಹಲಗೆ ಎತ್ತಿಕೊಂಡು ಹಿಂದೆ ನಡೆದ.

ವಿಚಾರಣೆಯ ಕೋಣೆ ಕಿಕ್ಕಿರಿದಿತ್ತು. ಪೆಟ್ರಿ ವಾಡಿಕೆಯಂತೆ ಅಧ್ಯಕ್ಷರ ಬೆನ್ನ ಹಿಂದಿನ ಕುರ್ಚಿಯಲ್ಲಿ ಕೂತ. ಅಧ್ಯಕ್ಷರು ಕೇಳುವ ಪ್ರಶ್ನೆಗಳನ್ನೆಲ್ಲ ಬರೆಯುವವನು ಅವನೇ. ಎಲ್ಲಿ ದನಿ ಏರಿಸಬೇಕು, ಎಲ್ಲಿ ಸುಮ್ಮನಿರಬೇಕು ಎನ್ನುವುದನ್ನೂ ನಡುನಡುವೆ ಆವರಣದಲ್ಲಿ ಸೂಚಿಸಿರುತ್ತಿದ್ದ. ಸಾರ್ವಜನಿಕರ ಸಾಲಿನಲ್ಲಿ ಓರ್ಫಾ ಅಜ್ಜಿ ಮೊದಲನೆಯವಳಾಗಿ ಕೂತು ಅವನಿಗೆ ಕೈಬೀಸಿದಳು.

"ಕೊವಾಚ್ ಅವರೇ," ಗುಂಡರ್ಸನ್ನರು ಗುಡುಗಿದರು, "ಆ ದೇಶದ ಸರ್ಕಾರದ ವಿಷಯದಲ್ಲಿ ಈ ಉಪಸಮಿತಿ ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಾ ಇದೆ. ಇಂಥಾ ಹೊತ್ತಲ್ಲಿ ಒಂದೇ ಒಂದು ಕನ್ನಡಕವನ್ನೂ ನಾನು ಆಚೆ ಬಿಡಲಿಲ್ಲ. ಹೌದೋ ಅಲ್ಲವೋ? ಇಲ್ಲಿ ಕನ್ನಡಕ ತೆಗೆದು ಸಾಕ್ಷಿಯನ್ನು ದುರುಗುಟ್ಟಿ ನೋಡುವುದು."

ಕೊನೆಯ ವಾಕ್ಯ ಪೆಟ್ರಿಯ ಸೂಚನೆಯಾಗಿತ್ತು. ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಅಧ್ಯಕ್ಷರು ವಿಚಲಿತರಾಗದೆ ಕನ್ನಡಕ ತೆಗೆದು, ಅದಿಲ್ಲದೆ ಎದುರಿಗೆ ಯಾರೂ ಕಾಣದ್ದರಿಂದ, ಮಾತು ಬರೆದುಕೊಳ್ಳುತ್ತಿದ್ದ ಹೆಣ್ಣುಮಗಳನ್ನು ದುರು ದುರು ನೋಡಿದರು.

"ಉಪಸಮಿತಿಯ ಅಭಿಪ್ರಾಯವನ್ನ ಇಲಾಖೆ ಯಾವತ್ತೂ ಗೌರವಿಸಿದೆ," ಎಂದ ಕೊವಾಚ್, ಹೌದನ್ನೂ ಹೇಳದೆ ಅಲ್ಲವನ್ನೂ ಹೇಳದೆ.

"ಅಧ್ಯಕ್ಷರೇ, ಒಂದು ನಿಮಿಷ," ವಿರೋಧ ಪಕ್ಷದ ಮುಖ್ಯ ಸದಸ್ಯೆ ಬೆವರ್ಲಿ ಓಟಿಸ್ ಮೈಕು ಎಳೆದುಕೊಂಡರು. "ಕನ್ನಡಕಕ್ಕೆ ಅಡ್ಡಿ ಹಾಕಬೇಕು ಅಂತ ಮೊದಲು ಯೋಚಿಸಿದ್ದು ನಮ್ಮ ಪಕ್ಷ. ಅದು ದಾಖಲಾಗಲಿ."

"ಮೊದಲು ಹಾಕಿದ್ದು ನಾನು."

"ಯೋಚಿಸಿದ್ದು ನಾವು."

ಪೆಟ್ರಿ ತನ್ನ ಬೂಟನ್ನೇ ನೋಡುತ್ತಾ ಕೂತ. ಅವನ ಮರೆವನ್ನು ಎರಡು ಪಕ್ಷಗಳೂ ನನ್ನದು ನನ್ನದೆಂದು ಕಿತ್ತಾಡುತ್ತಿದ್ದವು. ಅದರ ಹೆತ್ತ ತಂದೆ ಮಾತ್ರ ಬಾಯಿ ಬಿಡುವಂತಿರಲಿಲ್ಲ.

"ಮಾತು ಸಾಕು," ಎಂದರು ಗುಂಡರ್ಸನ್. "ದಿಗ್ಬಂಧನ ಕಚ್ಚಿದೆಯೋ ಇಲ್ಲವೋ, ನೀವೇ ನೋಡಿ." ಎದ್ದು ಹೋಗಿ ಹಲಗೆಯ ಕಂದು ಕಾಗದವನ್ನು ಒಂದೇ ಎಳೆತಕ್ಕೆ ಹರಿದರು. ಟೀವಿಯವರು ಕ್ಯಾಮೆರಾ ತಿರುಗಿಸಿದರು.

ಎದೆ ತುಂಬ ಪದಕ ಹೊತ್ತ ದಳಪತಿಯೊಬ್ಬ ಸೆಲ್ಯೂಟ್ ಹೊಡೆಯುತ್ತಾ ನಿಂತಿದ್ದ. ಮುಖ ಬುಟ್ಟಿಯಷ್ಟಿತ್ತು.

"ಕನ್ನಡಕ ನೋಡಿ ಅವನದು," ಅಧ್ಯಕ್ಷರು ಕೋಲಿನಿಂದ ಮುಟ್ಟಿ ತೋರಿಸಿದರು. "ದೇಶದ ದಳಪತಿ. ಕನ್ನಡಕದ ಕಡ್ಡಿಗೆ ದಾರ ಸುತ್ತಿಕೊಂಡಿದಾನೆ. ಹೊಸದು ತಗೋಳೋಕೆ ಗತಿ ಇಲ್ಲ. ನನ್ನ ದಿಗ್ಬಂಧನ ಅವನ ಮೂಗಿನ ತನಕ ಮುಟ್ಟಿದೆ."

ದಾರ ಹಸಿರಾಗಿತ್ತು. ತುದಿಯಲ್ಲಿ ಒಂದು ಹಿತ್ತಾಳೆ ಗುಂಡಿ. ಪೆಟ್ರಿಗೆ ಕೂತ ಕುರ್ಚಿ ಕೆಳಗಿಳಿದಂತಾಯಿತು.

"ಅಯ್ಯೋ, ಅದು ನಮ್ಮ ಐನಾರ್‌ದು," ಎಂದಿತು ಮುಂದಿನ ಸಾಲಿನ ದನಿ.

"ಸಾರ್ವಜನಿಕರು ಮಾತಾಡಬಾರದು," ಎಂದು ಅಧ್ಯಕ್ಷರು ಸುತ್ತಿಗೆ ಕುಟ್ಟಿದರು. ಆದರೆ ಅಜ್ಜಿ ಆಗಲೇ ಎದ್ದು ಚಿತ್ರದ ಹತ್ತಿರ ಬಂದು, ಬೀದಿಯಲ್ಲಿ ಪರಿಚಯದವರು ಸಿಕ್ಕ ಹಾಗೆ ಒಬ್ಬೊಬ್ಬರನ್ನೇ ಗುರುತಿಸತೊಡಗಿದ್ದಳು. "ಇದು ಐನಾರ್‌ದೇ, ಗುಂಡಿ ನನ್ನ ಕೋಟಿಂದು. ಪಕ್ಕದೋನು ಹಾಕ್ಕೊಂಡಿರೋದು ನಮ್ಮ ಪಾದ್ರಿಗಳದು, ಚೌಕದ್ದು. ಹಿಂದೆ ನಗಾರಿ ಬಡೀತಿರೋ ಮುದುಕಪ್ಪ ಇದಾನಲ್ಲ, ಅವನದು ನಮ್ಮೂರಿನ ಡೋರಿಸ್‌ದು. ನೀಲಿ, ಬೆಕ್ಕಿನ ಕಣ್ಣಿನ ಹಾಗಿರೋದು. ಅವನಿಗೆ ಚೆನ್ನಾಗೇ ಒಪ್ಪಿದೆ."

ಬೆವರ್ಲಿ ಓಟಿಸ್ ಮೈಕನ್ನು ಬಾಯಿಗೆ ಅಂಟಿಸಿಕೊಂಡರು. "ಅಧ್ಯಕ್ಷರೇ, ಮೊದಲು ಅಡ್ಡಿ ಹಾಕಿದ್ದು ನೀವೇ ಅಂತ ನಾವು ಈಗ ಸಂತೋಷವಾಗಿ ಒಪ್ಕೋತೀವಿ. ಆದ್ರೆ ಕನ್ನಡಕ ಹೋಗಿದ್ದು ಹೇಗೆ?"

ಗುಂಡರ್ಸನ್ನರ ಮುಖ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. "ಕೊವಾಚ್, ಇದನ್ನ ಯಾರು ಬಿಟ್ಟಿದ್ದು?"

ಕೊವಾಚ್ ನೀರು ಕುಡಿದ. ಇಲಾಖೆಗೂ ಬರೆಯದ ಒಂದು ಪದ್ಧತಿ ಇತ್ತು: ಒಂದು ತಿಂಗಳು ಉತ್ತರ ಬರದಿದ್ದರೆ ಅಡ್ಡಿ ಇಲ್ಲವೆಂದೇ ಅರ್ಥ. ಪೆಟ್ರಿಯ ಮೌನವನ್ನು ಒಪ್ಪಿಗೆ ಎಂದುಕೊಂಡು ಅವರು ಏಪ್ರಿಲ್‌ನಲ್ಲೇ ಕಂಟೇನರನ್ನು ಹಡಗು ಹತ್ತಿಸಿದ್ದರು. ಅದೇ ಮೌನವನ್ನು ಕಬ್ಬಿಣದ ನಿಲುವೆಂದು ಪತ್ರಿಕೆಗಳು ಹೊಗಳಲು ತೊಡಗಿದಾಗ ಗಾಬರಿಯಾಗಿ ಗೋದಾಮಿನವರ ಬಾಯಿ ಮುಚ್ಚಿಸಿ, ತಾವೂ ಬಾಯಿ ಮುಚ್ಚಿಕೊಂಡು ಕೂತಿದ್ದರು. ಬೆಳಿಗ್ಗೆ ತನಕ ಕೊವಾಚನೂ ಪೆಟ್ರಿಯ ಹಾಗೆಯೇ ನಿದ್ದೆಗೆಟ್ಟವನು. ಈಗ ಅವನ ಹತ್ತಿರ ಉತ್ತರವಿತ್ತು.

"ತಮ್ಮ ಕಚೇರಿಯಿಂದ ಮಾರ್ಚಲ್ಲೇ ಅಡ್ಡಿ ಇಲ್ಲ ಅಂತ ಹೇಳಿದ್ರು ಸರ್," ಎಂದ ವಿನಯದಿಂದ. "ಪೆಟ್ರಿಯವರು. ಇವತ್ತು ಬೆಳಿಗ್ಗೆ ಕೂಡ ಫೋನ್ ಮಾಡಿ ಅದನ್ನೇ ಖಚಿತಪಡಿಸಿದ್ರು."

ಕೋಣೆಯಲ್ಲಿದ್ದ ಕಣ್ಣುಗಳೆಲ್ಲ, ಟೀವಿಯವರದೂ ಸೇರಿ, ಅಧ್ಯಕ್ಷರ ಬೆನ್ನ ಹಿಂದಿನ ಕುರ್ಚಿಗೆ ತಿರುಗಿದವು. ಪೆಟ್ರಿ ಎದ್ದು ನಿಂತ. ಮರೆತೆ ಎನ್ನೋಣವೆಂದರೆ ಮಾರ್ಚಲ್ಲೇ ಹೇಳಿದ್ದೆ ಎಂದು ತನ್ನ ಬಾಯಿಂದಲೇ ಒಪ್ಪಿದ್ದಾನೆ. ಹೇಳಿದ್ದೆ ಎನ್ನೋಣವೆಂದರೆ ಹೇಳಿಲ್ಲ. ಬಾಯಿ ತೆರೆದು, ಮುಚ್ಚಿ, ಕೂತುಕೊಂಡ. ಅಧ್ಯಕ್ಷರು ಸುತ್ತಿಗೆ ಕುಟ್ಟಿ, "ಈ ಬಗ್ಗೆ ಪೂರ್ಣ ವಿಚಾರಣೆ ನಡೆಯುತ್ತೆ," ಎಂದು ಸಭೆ ಮುಗಿಸಿ, ಅವನ ಕಡೆ ನೋಡದೆ ಹೊರಟುಹೋದರು.

ವರ್ನಾ ಅವನನ್ನು ಮೇಜಿನ ಹತ್ತಿರ ಹಿಡಿದಳು. ಅವಳು ಕೂಗಾಡಲಿಲ್ಲ. ಅದೇ ಭಯವಾಯಿತು.

"ಮರೆತೆ ಅಂದ್ರೆ ಅಧ್ಯಕ್ಷರು ಹೊಗಳಿಸಿಕೊಂಡಿದ್ದೆಲ್ಲ ಸುಳ್ಳು. ಬೇಕಂತಲೇ ಬಿಟ್ಟೆ ಅಂದ್ರೆ ನೀನು ದ್ರೋಹಿ. ಎರಡನೇದೇ ವಾಸಿ ಅಂತಾರೆ ಅಧ್ಯಕ್ಷರು. ಸೋಮವಾರ ವಿಚಾರಣೆ. ಸಾಕ್ಷಿ ನೀನು."

"ಪ್ರಶ್ನೆಗಳು ಏನಿರತ್ತೆ?"

"ಅದನ್ನೂ ನೀನೇ ಬರಿಬೇಕು. ಇಷ್ಟು ವರ್ಷ ಬೇರೆ ಯಾರು ಬರೆದಿದಾರೆ? ಸ್ವಲ್ಪ ಖಾರವಾಗೇ ಇರಲಿ. ಆ ಆವರಣದ ಮಾತು ಮಾತ್ರ ಹಾಕಬೇಡ."

ಅವಳು ಹೋದ ಮೇಲೆ ಓರ್ಫಾ ಅಜ್ಜಿ ಬಂದಳು. ಅವಳ ಕಣ್ಣು ಒದ್ದೆಯಾಗಿತ್ತು, ಮುಖ ಮಾತ್ರ ಹಬ್ಬದ ಹಾಗಿತ್ತು.

"ನೀನು ಮಾರ್ಚಲ್ಲೇ ಕಳಿಸಿಬಿಟ್ಟಿದ್ದೆ," ಎಂದಳು. "ಆ ಕಬ್ಬಿಣದೋನ ಕಣ್ಣು ತಪ್ಪಿಸಿ. ನಂಗೂ ಒಂದು ಮಾತು ಬಿಟ್ಟುಕೊಡಲಿಲ್ಲ. ಅಬ್ಬಾ, ಎಂಥಾ ಗಟ್ಟಿಗನಪ್ಪ ನೀನು. ಐನಾರ್‌ದು ಆ ಪದಕದೋನ ಮೂಗಿನ ಮೇಲೆ ಕೂತಿರೋದು ನಂಗೆ ಸಂಕಟಾನೇ. ಆದ್ರೆ ಡೋರಿಸ್‌ದು ಆ ನಗಾರಿ ಮುದುಕಪ್ಪನಿಗೆ ಸಿಕ್ಕಿದೆಯಲ್ಲ, ಅಷ್ಟು ಸಾಕು."

ಪೆಟ್ರಿಗೆ ಇನ್ನು ತಡೆಯಲಾಗಲಿಲ್ಲ. "ಇಲ್ಲಮ್ಮ," ಎಂದ. "ನಾನು ಯಾರನ್ನೂ ಕೇಳಲೇ ಇಲ್ಲ. ಸೂಪು ಕುಡಿಯೋಕೆ ಹೋಗಿ ಮರೆತುಬಿಟ್ಟೆ. ನೀವು ಫೋನ್ ಮಾಡಿದಾಗೆಲ್ಲ ನಾಚಿಕೆಯಾಗಿ ಸುಳ್ಳು ಹೇಳಿದೆ. ಇವತ್ತು ಬೆಳಿಗ್ಗೆ ಇನ್ನೊಂದು ಸುಳ್ಳು ಸೇರಿಸಿದೆ. ನಿಮ್ಮ ಪರವಾಗಿ ನಾನು ಒಂದು ಹೆಜ್ಜೇನೂ ಇಡಲಿಲ್ಲ. ನನ್ನ ಹೆಸರಲ್ಲಿ ಪ್ರಾರ್ಥನೆ ಗೀರ್ಥನೆ ಮಾಡಿಸಬೇಡಿ."

ಹೇಳಿ ಮುಗಿಸಿದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮಾರ್ಚ್‌ನಿಂದ ಅವನಿಗೆ ಅಷ್ಟು ಹಗುರ ಎನಿಸಿದ್ದೇ ಇಲ್ಲ.

ಅಜ್ಜಿ ನಕ್ಕು ಅವನ ಕೆನ್ನೆ ತಟ್ಟಿದಳು. "ಐನಾರೂ ಹೀಗೇ. ಒಳ್ಳೇ ಕೆಲಸ ಮಾಡಿ ಸಿಕ್ಕಿಬಿದ್ರೆ, ನಾನಲ್ಲ ನಾನಲ್ಲ ಅಂತ ಏನಾದ್ರೂ ಒಂದು ಕತೆ ಕಟ್ಟೋನು. ಸೂಪಂತೆ. ಯಾರು ನಂಬ್ತಾರೆ?"

"ಅಮ್ಮ, ನಿಜವಾಗ್ಲೂ..."

"ಸಾಕು ಸುಮ್ನಿರು. ನಂಗೆ ಜನ ಗೊತ್ತಾಗಲ್ವಾ? ತಗೋ, ಇನ್ನೊಂದು ತಿನ್ನು." ಡಬ್ಬಿ ತೆರೆದು ಅವನ ಮುಂದೆ ಹಿಡಿದಳು. "ಕೇಳು, ಚರ್ಚ್‌ನಲ್ಲಿ ಎರಡನೇ ಕಂಟೇನರ್‌ಗಾಗೋಷ್ಟು ಸೇರಿದೆ. ಈ ಸಲ ಆ ಪದಕದೋರ ಕೈಗೆ ಸಿಗದೆ ನೇರ ಆಸ್ಪತ್ರೆಗೆ ಹೋಗೋ ಹಾಗೆ ಏನಾದ್ರೂ ಮಾಡೋಕೆ ಆಗತ್ತಾ?"

ಪೆಟ್ರಿ ಡಬ್ಬಿಯ ಕಡೆಗೆ ಕೈ ಚಾಚಿದ. ಮನಸ್ಸೆಲ್ಲ ಸೋಮವಾರದ ಮೊದಲನೇ ಪ್ರಶ್ನೆಯ ಮೇಲಿತ್ತು. ನಾಲಿಗೆ ತನ್ನ ಪಾಡಿಗೆ ತಾನು, ಬೆಣ್ಣೆಯಂಥ ದನಿಯಲ್ಲಿ, ಅಭ್ಯಾಸವಾದ ಮಾತನ್ನು ಆಡಿತು.

"ಕೇಳಿ ಹೇಳ್ತೀನಮ್ಮ."

ಡಬ್ಬಿ ಹಿಡಿದ ಕೈ ಅಲ್ಲೇ ನಿಂತಿತು. ಅಜ್ಜಿ ಅವನ ಮುಖವನ್ನು, ದೂರದ ಬೋರ್ಡು ಓದುವವರ ಹಾಗೆ, ಸ್ವಲ್ಪ ಹೊತ್ತು ನೋಡಿದಳು. ನಗು ನಿಧಾನವಾಗಿ ಇಳಿಯಿತು.

"ನೀನು ಆಗ ಹೇಳಿದ್ದು ನಿಜಾನೇ ಅಲ್ವೇನಪ್ಪ," ಎಂದಳು ಮೆಲ್ಲಗೆ.

ಡಬ್ಬಿಯ ಮುಚ್ಚಳ ಒತ್ತಿ ಚೀಲದೊಳಗೆ ಇಟ್ಟುಕೊಂಡು, ಸ್ವೆಟರಿನ ಗುಂಡಿ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಮೇಜಿನ ಮೇಲೆ ಬೆಳಿಗ್ಗೆ ಅರ್ಧ ಕಚ್ಚಿಟ್ಟ ನಿಂಬೆ ಬಾರ್ ಮಾತ್ರ ಉಳಿದಿತ್ತು. ಪೆಟ್ರಿ ಮಧ್ಯಾಹ್ನ ಸೂಪನ್ನೂ ಕುಡಿದಿರಲಿಲ್ಲ, ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ಅದನ್ನು ಎತ್ತಿ ಬಾಯಿಗೆ ಹಾಕಿಕೊಳ್ಳಲು ಅವನಿಗೆ ಮುಖವಿರಲಿಲ್ಲ.